ಕೊಟ್ಟಿಗೆ ಮುಂದಿನ ಮೂರು ವೃತ್ತ

ಪಟ್ಟಾಭಿರಾಮರಿಗೆ ಬ್ರೇಕ್ ಡ್ಯಾನ್ಸ್ ಬರುತ್ತದೆ ಎಂಬ ಸುದ್ದಿ ಹುಟ್ಟಿದ್ದು ಅವರ ಬಾಯಿಂದಲೇ. ಹಾಗಿರುವಾಗ ಮುಂದೆ ನಡೆದದ್ದಕ್ಕೆಲ್ಲ ಅವರು ಬೀಗಿತ್ತಿಯನ್ನೂ ನೆರೆಹೊರೆಯವರನ್ನೂ ವಾರ್ಡ್ ಆಫೀಸನ್ನೂ ಬೈದದ್ದು ನ್ಯಾಯವಲ್ಲ. ಆದರೂ ಬೈದರು. ಬೈಯುವುದರಲ್ಲಿ ಅವರಿಗೆ ಮೂವತ್ತನಾಲ್ಕು ವರ್ಷಗಳ ಅನುಭವವಿತ್ತು.

ಅನುಭವ ಬಂದದ್ದು ಕಾರ್ಖಾನೆಯಲ್ಲಿ. ಪೀಣ್ಯದ ಕಡೆಯ ಸರ್ಕಾರಿ ಯಂತ್ರ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿ ಅವರು ಇನ್‌ಸ್ಪೆಕ್ಟರು. ಲೇತ್ ಯಂತ್ರದಿಂದ ಇಳಿದು ಬಂದ ಸಾಮಾನನ್ನು ಅಳೆದು, ನಕ್ಷೆಯಲ್ಲಿ ಹೇಳಿದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚುಕಡಿಮೆಯಿದ್ದರೂ ಅದಕ್ಕೊಂದು ಕೆಂಪು ಚೀಟಿ ಕಟ್ಟಿ ವಾಪಸ್ಸು ಕಳಿಸುವುದು ಅವರ ಕೆಲಸ. ಆ ಕಣ್ಣು ಮನೆಗೆ ಬಂದ ಮೇಲೂ ಮುಚ್ಚುತ್ತಿರಲಿಲ್ಲ. ಹೆಂಡತಿ ಭಾನುಮತಿ ಹಾಕಿಕೊಟ್ಟ ದೋಸೆಯನ್ನು ಬೆಳಕಿಗೆ ಹಿಡಿದು, ಒಂದು ಅಂಚು ದಪ್ಪವಾಗಿದೆ ಎನ್ನುತ್ತಿದ್ದರು. ಭಾನುಮತಿ ಅದನ್ನು ಕಿತ್ತುಕೊಂಡು ತಾವೇ ತಿನ್ನುತ್ತಿದ್ದರು. ಎರಡನೆಯ ದೋಸೆ ಬರುತ್ತಿರಲಿಲ್ಲ.

ಮಗಳು ಶರಣ್ಯಳ ಮದುವೆ ಗೊತ್ತಾಯಿತು. ಹುಡುಗ ಚಿನ್ಮಯ್ ಒಳ್ಳೆಯವನು, ಹೆಚ್ಚು ಮಾತಿಲ್ಲ. ಅವನ ಪಾಲಿನ ಮಾತನ್ನೂ ಅವನ ತಾಯಿ ಹೇಮಲತಾ ಆಡುತ್ತಿದ್ದರು. ಅವರು ಎಲೆಕ್ಟ್ರಾನಿಕ್ ಸಿಟಿಯಿಂದ ಊರಿನ ಈ ತುದಿಗೆ ಬಂದು, ಸೋಫಾದಲ್ಲಿ ಕೂತು, ಕಾಫಿ ಆರುವವರೆಗೂ ಆರತಕ್ಷತೆಯ ಕಾರ್ಯಕ್ರಮ ವಿವರಿಸಿದರು. ತಂಗಿ ವೀಣೆ ನುಡಿಸುತ್ತಾಳೆ. ಭಾವ ಮಿಮಿಕ್ರಿ ಮಾಡುತ್ತಾರೆ. ಅತ್ತೆ ಎಂಬತ್ತೆರಡನೇ ವಯಸ್ಸಿನಲ್ಲಿ ದೇವರನಾಮ ಹಾಡುತ್ತಾರೆ. ಇಷ್ಟು ಹೇಳಿ, ಒಂದು ಗುಟುಕು ಕುಡಿದು, ಬಹಳ ಮೃದುವಾಗಿ, "ನಿಮ್ಮ ಕಡೆಯಿಂದ ಏನೂ ಇಲ್ಲ ಅಲ್ವಾ? ಪರವಾಗಿಲ್ಲ ಬಿಡಿ, ನೀವು ಊಟದ ಕಡೆ ನೋಡ್ಕೊಳ್ಳಿ" ಎಂದರು.

ಈ 'ಪರವಾಗಿಲ್ಲ'ಕ್ಕೆ ಪಟ್ಟಾಭಿರಾಮರ ಕಿವಿ ಕೆಂಪಾಯಿತು. ಯಾಕಿಲ್ಲ, ಬ್ರೇಕ್ ಡ್ಯಾನ್ಸ್ ಇದೆ ಎಂದರು. ಯಾರದ್ದು ಎಂದು ಹೇಮಲತಾ ಕೇಳಿದರು. ನನ್ನದೇ ಎಂದರು. ಚಕ್ಕುಲಿ ತಟ್ಟೆ ಹಿಡಿದು ಬರುತ್ತಿದ್ದ ಭಾನುಮತಿ ಬಾಗಿಲಲ್ಲೇ ನಿಂತರು.

ಮಾತು ಪೂರ್ತಿ ಸುಳ್ಳಲ್ಲ. ಎಂಬತ್ತರ ದಶಕದಲ್ಲಿ ಬೆಂಗಳೂರಿನ ಹುಡುಗರಿಗೆಲ್ಲ ಆ ಹುಚ್ಚು ಹಿಡಿದಿದ್ದಾಗ ಕಾರ್ಖಾನೆಯ ಅಪ್ರೆಂಟಿಸುಗಳ ತಂಡವೊಂದು ರಾಜ್ಯೋತ್ಸವದ ದಿನ ಬ್ರೇಕ್ ಡ್ಯಾನ್ಸ್ ಮಾಡಿತ್ತು. ಆ ತಂಡದ ಫೋಟೋದಲ್ಲಿ ಹಣೆಗೆ ಪಟ್ಟಿ ಕಟ್ಟಿಕೊಂಡು ಪಟ್ಟಾಭಿರಾಮರೂ ನಿಂತಿದ್ದಾರೆ. ಅವರ ಜವಾಬ್ದಾರಿ ಟೇಪ್ ರೆಕಾರ್ಡರಿನ ಗುಂಡಿ ಒತ್ತುವುದು. ಫೋಟೋ ಅದನ್ನು ಹೇಳುವುದಿಲ್ಲ, ಅವರೂ ಹೇಳಲಿಲ್ಲ.

ಮೂರನೇ ದಿನಕ್ಕೆ ಹೇಮಲತಾ ಕಾರ್ಯಕ್ರಮದ ಪಟ್ಟಿಯ ಕಾರ್ಡು ಅಚ್ಚು ಹಾಕಿಸಿ, ಅದರ ಚಿತ್ರವನ್ನು ಎರಡೂ ಕುಟುಂಬಗಳ ವಾಟ್ಸಾಪ್ ಗುಂಪಿಗೆ ಕಳಿಸಿದರು. ವೀಣೆಯ ನಂತರ, ಊಟಕ್ಕೆ ಮುಂಚೆ, 'ವಧುವಿನ ತಂದೆ, ಹಿರಿಯ ಬ್ರೇಕ್ ಡ್ಯಾನ್ಸ್ ಕಲಾವಿದ ಶ್ರೀ ಪಟ್ಟಾಭಿರಾಮ.' ಆರತಕ್ಷತೆಗೆ ಆರು ವಾರವಿತ್ತು. ಅಂದು ವೇದಿಕೆ ಹತ್ತಿ ಸುಮ್ಮನೆ ನಿಂತರೆ ಬೀಗರ ಕಡೆಯ ಅಷ್ಟೂ ಜನರ ಮುಂದೆ ಸುಳ್ಳುಗಾರನಾಗಬೇಕು. ತನ್ನ ಮಾತು ಹಾಗಿರಲಿ, ಶರಣ್ಯ ಅದನ್ನು ಆ ಮನೆಯಲ್ಲಿ ಬದುಕಿರುವವರೆಗೂ ಕೇಳಬೇಕು. ಪಟ್ಟಾಭಿರಾಮರು ಎರಡು ದಿನ ಹೇಮಲತಾರನ್ನು ಮನಸ್ಸಿನಲ್ಲೇ ಬೈದು, ಮೂರನೇ ದಿನ ಕಲಿಯಲು ಹೊರಟರು.

ನಾಗಸಂದ್ರ ಮೆಟ್ರೋ ನಿಲ್ದಾಣದ ಹತ್ತಿರ ಒಂದು ಬೇಕರಿ. ಅದರ ಮೇಲಿನ ಮಹಡಿಯಲ್ಲಿ ವೇಣಿ ಎಂಬ ಹುಡುಗಿ ಬ್ರೇಕ್ ಡ್ಯಾನ್ಸ್ ಕಲಿಸುತ್ತಿದ್ದಳು. ಮನೆಯಲ್ಲಿ ವಾಕಿಂಗ್ ಎಂದು ಹೇಳಿ ಅಲ್ಲಿಗೆ ಹೋಗಿ ಸೇರಿದರು. ಆರಂಭಿಕರ ತರಗತಿ, ಸಹಪಾಠಿಗಳೆಲ್ಲ ಅವರ ಸೊಂಟದ ಎತ್ತರದವರು. ವಿಷಯ ಯಾರಿಗೂ ಗೊತ್ತಾಗಬಾರದು ಎಂದು ವೇಣಿಯಿಂದ ಮಾತು ತೆಗೆದುಕೊಂಡರು. ಅವಳು ಆಗಲಿ ಸಾರ್ ಎಂದು, ಮಂಡಿಗೆ ಕಟ್ಟಿಕೊಳ್ಳಲು ಪಟ್ಟಿ ತರಲು ಹೇಳಿದಳು.

ಮೊದಲ ಪಾಠ ಸಿಕ್ಸ್ ಸ್ಟೆಪ್, ಅಂದರೆ ಆರು ಹೆಜ್ಜೆ. ಕುಕ್ಕರುಗಾಲಿನಲ್ಲಿ ಕೂತು, ಕೈಯನ್ನು ನೆಲಕ್ಕೂರಿ, ಎರಡು ಕಾಲನ್ನೂ ಒಂದಾದ ಮೇಲೊಂದರಂತೆ ಬಳಸುತ್ತ ದೇಹದ ಸುತ್ತ ಒಂದು ಪೂರ್ತಿ ಸುತ್ತು ತರಬೇಕು. ಮೂರು ಹೆಜ್ಜೆಯವರೆಗೆ ಮುಖ ನೆಲದ ಕಡೆಗಿರುತ್ತದೆ. ನಾಲ್ಕನೆಯದರಲ್ಲಿ ಹೊಟ್ಟೆ ಆಕಾಶದ ಕಡೆ ತಿರುಗುತ್ತದೆ. ಐದು ಮತ್ತು ಆರರಲ್ಲಿ ಹೊರಟ ಜಾಗಕ್ಕೆ ವಾಪಸ್ಸು ಬರಬೇಕು. ಈ ಮಧ್ಯೆ ಯಾವ ಘಳಿಗೆಯಲ್ಲೂ ಪೃಷ್ಠಭಾಗ ನೆಲಕ್ಕೆ ತಾಗಕೂಡದು. ಚಿಕ್ಕವರಿಗೆ ಇದು ಎರಡು ದಿನಕ್ಕೆ ಬಂತು. ಪಟ್ಟಾಭಿರಾಮರು ಪ್ರತಿಸಲ ನಾಲ್ಕನೆಯ ಹೆಜ್ಜೆಯಲ್ಲಿ ದೊಪ್ಪನೆ ಕೂತುಬಿಡುತ್ತಿದ್ದರು. ಕೆಳಗಿನ ಬೇಕರಿಯವನು ಮೇಲೆ ಬಂದು, ಗಾಜಿನ ಜಾಡಿಗಳು ಅಲುಗುತ್ತಿವೆ ಎಂದು ಒಮ್ಮೆ ಹೇಳಿ ಹೋದ.

"ಕಾಲನ್ನ ಫ್ರೀಯಾಗಿ ಬಿಡಿ ಸಾರ್" ಎಂದಳು ವೇಣಿ.

"ಎಷ್ಟು ಬಿಡಬೇಕು?"

"ಎಷ್ಟು ಅಂದ್ರೆ? ಫೀಲ್ ಮಾಡಿ ಸಾರ್, ಬರತ್ತೆ."

ಪಟ್ಟಾಭಿರಾಮರಿಗೆ ಮೈಯೆಲ್ಲ ಉರಿಯಿತು. ಮೂವತ್ತನಾಲ್ಕು ವರ್ಷದಲ್ಲಿ ಅವರು ನೋಡಿದ ಯಾವ ನಕ್ಷೆಯಲ್ಲೂ ಫೀಲ್ ಎಂಬ ಅಳತೆ ಇರಲಿಲ್ಲ. ಅಳತೆಯಿಲ್ಲ, ನಕ್ಷೆಯಿಲ್ಲ, ಯಾವ ಕಾಲು ಎಷ್ಟು ಇಂಚು ಎಂಬ ಗೊತ್ತುಗುರಿಯಿಲ್ಲ. ಈ ದೇಶದಲ್ಲಿ ಡ್ಯಾನ್ಸು ಕಲಿಸುವ ರೀತಿಯೇ ಇದು ಎಂದು ಗೊಣಗುತ್ತ ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಮೂರು ಸಂಜೆ ಕೂತು ಸಿಕ್ಸ್ ಸ್ಟೆಪ್ಪಿನ ನಕ್ಷೆ ಬರೆದರು. ಒಂದು ವೃತ್ತ, ಅದರ ನಡುವೆ ಕೈ ಊರುವಲ್ಲಿ ಕೂಡುಗುರುತು, ವೃತ್ತದ ಮೇಲೆ ಒಂದರಿಂದ ಆರರವರೆಗೆ ಅಂಕಿ ಹಾಕಿದ ಆಯತಗಳು. ಆಯತವೆಂದರೆ ಪಾದ. ಬೆರಳು ಗಿರಳು ಬರೆಯುವುದು ಮಕ್ಕಳ ಕೆಲಸ ಎಂದು ಅವರ ಅಭಿಪ್ರಾಯ.

ಇನ್ನು ನಕ್ಷೆಯನ್ನು ನಿಜವಾದ ಅಳತೆಯಲ್ಲಿ ನೆಲಕ್ಕೆ ಇಳಿಸಬೇಕು. ತಾರಸಿಯಲ್ಲಿ ಭಾನುಮತಿಯ ಸಂಡಿಗೆ ಒಣಗುತ್ತಿತ್ತು. ಮನೆಯ ಹಿಂದೆ ಒಂದು ಕಾಂಕ್ರೀಟ್ ರಸ್ತೆಯಿದೆ, ಮುಂದೆ ದಾರಿಯಿಲ್ಲದೆ ಅಲ್ಲಿಗೇ ಮುಗಿಯುವಂಥದು. ಅದರ ತುದಿಯಲ್ಲಿ ಸೊಣ್ಣಪ್ಪನವರ ಕಾಂಪೌಂಡು, ಹಸುವಿನ ಕೊಟ್ಟಿಗೆ, ಬಾಡಿಗೆಯ ಸಾಲುಮನೆಗಳು. ಒಂದು ಭಾನುವಾರ ನಸುಕಿನಲ್ಲಿ ಪಟ್ಟಾಭಿರಾಮರು ಹಳದಿ ಬಣ್ಣದ ಡಬ್ಬಿ ಹಿಡಿದು ಆ ರಸ್ತೆಗೆ ಹೋದರು. ಅಚ್ಚಿಗೆ ತಮ್ಮ ಮಂಡಿಯ ಹಳೇ ಎಕ್ಸ್‌ರೇ ಹಾಳೆಯನ್ನೇ ಕತ್ತರಿಸಿಕೊಂಡಿದ್ದರು. ಸೀಮೆಸುಣ್ಣದಲ್ಲಿ ಬರೆದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅಳಿಸಿ ಹೋಗುವ ಗುರುತು ಗುರುತೇ ಅಲ್ಲ ಎಂದು ಕಾರ್ಖಾನೆ ಅವರಿಗೆ ಕಲಿಸಿತ್ತು. ಚಿಕ್ಕದಾಗಿ ಶುರುಮಾಡಿ ಆಮೇಲೆ ಅಗಲ ಮಾಡಿ ಎಂದು ವೇಣಿ ಹೇಳಿದ್ದರಿಂದ ಚಿಕ್ಕದು, ಮಧ್ಯಮ, ದೊಡ್ಡದು ಎಂದು ಮೂರು ವೃತ್ತ ಬರೆದರು. ಮೂರರ ನಡುವೆಯೂ ಹತ್ತು ಹತ್ತು ಅಡಿ ಬಿಟ್ಟು, ದಾರ ಹಿಡಿದು, ಮೂರರ ಕೂಡುಗುರುತೂ ಒಂದೇ ಗೆರೆಯಲ್ಲಿ ಬರುವಂತೆ ಮಾಡಿದರು. ನಕ್ಷೆಯನ್ನು ಒಮ್ಮೆ ತಿದ್ದಿದ್ದರಿಂದ ನಿಯಮದ ಪ್ರಕಾರ ಪಕ್ಕದಲ್ಲಿ 'ಪರಿಷ್ಕೃತ - 2' ಎಂದೂ ದಿನಾಂಕವನ್ನೂ ಬರೆದು, ಸಂತೋಷದಿಂದ ಮನೆಗೆ ಬಂದು ತಿಂಡಿ ತಿಂದರು.

ಸೋಮವಾರ ಸಂಜೆ ಕಾರ್ಖಾನೆಯಿಂದ ಬರುವಷ್ಟರಲ್ಲಿ ಆ ರಸ್ತೆಯ ತುಂಬ ಜನ. ಸೊಣ್ಣಪ್ಪನವರು ಕೊಟ್ಟಿಗೆಯ ಗೋಡೆಗೆ ಒರಗಿ ಕೂತಿದ್ದರು. ಅವರ ಹೆಂಡತಿ ಅನುಸೂಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಣದ ಯಾರನ್ನೋ ಶಪಿಸುತ್ತಿದ್ದರು. ಮಗ ನರೇಶ್ ಅಳತೆಪಟ್ಟಿ ಹಿಡಿದು ಎಲ್ಲರಿಗೂ ವಿವರಿಸುತ್ತಿದ್ದ. ವೃತ್ತ ಅಂದರೆ ಮೆಟ್ರೋ ಕಂಬ. ಕೂಡುಗುರುತು ಅಂದರೆ ಕಂಬದ ನಡುಮಧ್ಯ. ಆರು ಚೌಕ ಅಂದರೆ ಆರು ಕಬ್ಬಿಣದ ಕಟ್ಟು. ಮೂರು ಕಂಬ ಒಂದೇ ಗೆರೆಯಲ್ಲಿವೆ. ಗೆರೆ ಎಳೆದುಕೊಂಡು ಹೋದರೆ ನಾಲ್ಕನೇ ಕಂಬ ಕೊಟ್ಟಿಗೆಯೊಳಗೆ, ಐದನೆಯದು ಬಾವಿಯಲ್ಲಿ, ಆರನೆಯದು ಬಾಡಿಗೆ ಮನೆಗಳ ಮೇಲೆ. ಇನ್ನು 'ಪರಿಷ್ಕೃತ - 2' ಎಂಬುದನ್ನು ನೋಡಿದ ಮೇಲೆ ಯಾರಿಗೂ ಅನುಮಾನವೇ ಉಳಿಯಲಿಲ್ಲ. ಮೊದಲ ನಕ್ಷೆಯಲ್ಲಿ ಲೈನು ಬೇರೆಯವರ ಜಾಗದ ಮೇಲೆ ಹೋಗುತ್ತಿತ್ತು. ಅವರು ಯಾರನ್ನೋ ಹಿಡಿದು ತಪ್ಪಿಸಿಕೊಂಡು ಇತ್ತ ತಿರುಗಿಸಿದ್ದಾರೆ. ಬಡಾವಣೆಯ ಜನ ತಲೆದೂಗಿದರು.

ಸೊಣ್ಣಪ್ಪನವರು ಪಟ್ಟಾಭಿರಾಮರನ್ನು ಕಂಡು ಎದ್ದು ಬಂದರು. "ಸಾಮಿ, ನಮ್ಮಪ್ಪನ ಕಾಲದಾಗೆ ಪ್ಯಾಕ್ಟ್ರಿಗೆ ಅಂತ ತಕಂಡ್ರು. ನನ್ ಕಾಲದಾಗೆ ಬಡಾವಣೆ ಅಂತ ತಕಂಡ್ರು, ನೀವೇ ಬಂದು ಮನೆ ಕಟ್ಟಿದ್ರಿ, ನಾನೇನ್ ಬ್ಯಾಸರ ಮಾಡ್ಕಂಡಿಲ್ಲ. ಉಳ್ದಿರೋದು ಇದೊಂದ್ ತುಂಡು. ಇದ್ನೂ ಬಿಡಾಕಿಲ್ವಾ ಇವ್ರು?"

ಪಟ್ಟಾಭಿರಾಮರು ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದರು. ಎದುರಿಗೆ ಭಾನುಮತಿ ಫೋನು ಹಿಡಿದು ನಿಂತಿದ್ದರು. ಭಾನುಮತಿಗೆ ತಿಳಿದದ್ದು ಐದು ನಿಮಿಷದಲ್ಲಿ ಎರಡು ಕುಟುಂಬಗಳ ಗುಂಪಿಗೂ ತಿಳಿಯುತ್ತದೆ. ತೆರೆದ ಬಾಯಲ್ಲಿ ಬೇರೇನಾದರೂ ಬರಬೇಕಲ್ಲ. ಇವು ಸರ್ಕಾರದ ಗುರುತುಗಳಲ್ಲ, ಹೆದರಬೇಡಿ ಎಂದರು. ಹೇಗೆ ಗೊತ್ತು ಎಂದು ನರೇಶ್ ಕೇಳಿದ. ಸರ್ಕಾರದವರು ಇಷ್ಟು ನೇರವಾಗಿ ಗೆರೆ ಹಾಕುವುದಿಲ್ಲ, ಅಂಕಿಗಳು ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ ಎಂದರು. ಜನ ಅದನ್ನು ಯೋಚಿಸಿ ನೋಡಿ, ಹಾಗಾದರೆ ಯಾವುದೋ ದೊಡ್ಡ ಖಾಸಗಿ ಕಂಪನಿಗೆ ವಹಿಸಿದ್ದಾರೆ, ಇನ್ನು ಕೇಳುವವರೇ ಇಲ್ಲ ಎಂದು ಮೊದಲಿಗಿಂತ ಹೆಚ್ಚು ಗಾಬರಿಯಾದರು. ಅನುಸೂಯಮ್ಮನ ಶಾಪ ಈಗ ಬರೆದವನ ಕೈಕಾಲುಗಳ ಕಡೆ ತಿರುಗಿತು. ಕೈ ಸೇದಿಹೋಗಲಿ ಎಂದಾಗ ಪಟ್ಟಾಭಿರಾಮರು ಕೈಯನ್ನು ಜೇಬಿನೊಳಗೆ ಇಟ್ಟುಕೊಂಡರು.

ಮನೆಗೆ ಬಂದು ಅವರು ಕುದಿದರು. ನಾಲ್ಕೂವರೆ ಅಡಿಯ ವೃತ್ತದಲ್ಲಿ ಮೆಟ್ರೋ ಕಂಬ ನಿಲ್ಲುತ್ತದೆಯೇ? ನಿಲ್ದಾಣ ಕಣ್ಣೆದುರಿಗಿದೆ, ದಿನವೂ ಅದರ ಕಂಬದ ಪಕ್ಕದಲ್ಲೇ ಓಡಾಡುತ್ತಾರೆ, ಒಬ್ಬರಿಗಾದರೂ ಅದರ ಸುತ್ತಳತೆ ಗೊತ್ತಿಲ್ಲ. ಇಂಥ ಜನದ ನಡುವೆ ಮನೆ ಕಟ್ಟಿದ್ದಕ್ಕೆ ತಮ್ಮನ್ನೂ ಬೈದುಕೊಂಡರು. ಆದರೆ ಸೊಣ್ಣಪ್ಪನವರ ಮುಖ ಕಣ್ಣಿಂದ ಹೋಗಲಿಲ್ಲ. ಗುರುತನ್ನೇ ಅಳಿಸಿಬಿಟ್ಟರೆ ಭಯವೂ ಹೋಗುತ್ತದೆ, ಗುಟ್ಟೂ ಉಳಿಯುತ್ತದೆ ಎಂದು ಲೆಕ್ಕ ಹಾಕಿ, ಮರುದಿನ ಬೆಳಕು ಹರಿಯುವ ಮುಂಚೆ ಬಣ್ಣ ಬಿಡಿಸುವ ಥಿನ್ನರು, ತಂತಿಬ್ರಷ್ಷು ತೆಗೆದುಕೊಂಡು ಹೋಗಿ ಉಜ್ಜತೊಡಗಿದರು. ಎರಡು ವೃತ್ತ ಅಳಿಸಿ ಮೂರನೆಯದಕ್ಕೆ ಬಂದಾಗ, ಹಾಲು ಕರೆಯಲು ಎದ್ದ ಅನುಸೂಯಮ್ಮ ಚೊಂಬು ಹಿಡಿದು ಎದುರಿಗೆ ನಿಂತಿದ್ದರು.

ಪಟ್ಟಾಭಿರಾಮರು ಬೈಗುಳಕ್ಕೆ ಸಿದ್ಧರಾಗಿ ತಲೆ ತಗ್ಗಿಸಿದರು. ಅನುಸೂಯಮ್ಮ ಚೊಂಬನ್ನು ಕೆಳಗಿಟ್ಟು ಕೈ ಮುಗಿದರು. "ನಮ್ಮೋರೇ ಎದ್ರುಕಂಡು ಒಳಗ್ ಕುಂತವ್ರೆ. ನೀವು ಯಾರ್ಗೂ ಯೋಳ್ದೆ ಬಂದು ಗೌರ್ಮೆಂಟ್ ಗುರ್ತನ್ನ ಅಳಿಸ್ತಾ ಇದೀರಲ್ಲ ಸಾಮಿ."

ಹತ್ತು ನಿಮಿಷದಲ್ಲಿ ಅಲ್ಲಿ ಮೂವತ್ತು ಜನ. ಉಳಿದ ವೃತ್ತವನ್ನು ಅವರೇ ಉಜ್ಜಿ ಮುಗಿಸಿದರು. ಸೊಣ್ಣಪ್ಪನವರು ಒಂದು ಶಾಲು ಹೊದಿಸಿದರು. ನರೇಶ್ ವಿಡಿಯೋ ಮಾಡಿ 'ಏಕಾಂಗಿ ಹೋರಾಟಗಾರ' ಎಂದು ಹೆಸರು ಕೊಟ್ಟು ಎಲ್ಲ ಕಡೆ ಬಿಟ್ಟ. ಮಧ್ಯಾಹ್ನದೊಳಗೆ ಅದನ್ನು ಕಾರ್ಖಾನೆಯ ಕ್ಯಾಂಟೀನಿನಲ್ಲಿ ನೋಡಿದರು. ಮೇಲಧಿಕಾರಿ ಪಟ್ಟಾಭಿರಾಮರನ್ನು ಕರೆದು, ನಿವೃತ್ತಿಗೆ ಹತ್ತಿರವಿರುವಾಗ ಇವೆಲ್ಲ ಬೇಕೇ ಎಂದು ಕೇಳಿದರು. ಹೇಮಲತಾ ಫೋನು ಮಾಡಿ, ಬೀಗರು ಹೋರಾಟಗಾರರು ಎಂಬುದನ್ನು ಮೊದಲೇ ಹೇಳಿರಲಿಲ್ಲ, ಇನ್ನೂ ಏನೇನು ಇದೆಯೋ ಎಂದರು. ಭಾನುಮತಿ ಮಾತ್ರ ವಿಡಿಯೋವನ್ನು ಎರಡು ಸಲ ನೋಡಿ, "ಬಚ್ಚಲುಮನೆ ಉಜ್ಜಿಕೊಡಿ ಅಂತ ಇಪ್ಪತ್ತೆಂಟು ವರ್ಷದಿಂದ ಕೇಳ್ತಿದೀನಿ" ಎಂದು ಒಳಗೆ ಹೋದರು.

ಇಷ್ಟಕ್ಕೇ ನಿಂತಿದ್ದರೆ ಶಾಲು ಮಡಿಸಿಟ್ಟು ಸುಮ್ಮನಿರಬಹುದಿತ್ತು. ಆದರೆ ವಿಡಿಯೋ ವಾರ್ಡ್ ಆಫೀಸಿಗೂ ಹೋಯಿತು. ಅಲ್ಲಿಯ ಜ್ಯೂನಿಯರ್ ಎಂಜಿನಿಯರು ಮಲ್ಲಿಕ್ ಎಂಬವರು ಬಂದು ರಸ್ತೆಯನ್ನು ನೋಡಿದರು. ಜಾಗರೂಕ ಮನುಷ್ಯ. ಗುರುತು ತಮ್ಮ ಆಫೀಸಿನದಲ್ಲ ಎಂದು ಅವರಿಗೆ ಖಚಿತವಾಗಿ ಗೊತ್ತಿತ್ತು. ಆದರೆ ತಮ್ಮದಲ್ಲ ಎಂದ ಮಾತ್ರಕ್ಕೆ ಯಾರದ್ದೂ ಅಲ್ಲ ಎಂದು ಬರೆದುಕೊಡುವ ಧೈರ್ಯವಿರಲಿಲ್ಲ. ನೀರಿನವರದಾಗಿರಬಹುದು, ವಿದ್ಯುತ್ತಿನವರದಾಗಿರಬಹುದು, ನಿಜವಾಗಿ ಕಂಬದವರದೇ ಆಗಿರಬಹುದು. ನಾಳೆ ಅವರು ಬಂದು ನಮ್ಮ ಗುರುತೆಲ್ಲಿ ಎಂದರೆ? ಹೀಗೆ ಯೋಚಿಸಿ ಅವರು ಪಟ್ಟಾಭಿರಾಮರಿಗೆ ಸಾರ್ವಜನಿಕ ಗುರುತು ನಾಶಮಾಡಿದ್ದೇಕೆ ಎಂದು ಒಂದು ನೋಟೀಸು ಕೊಟ್ಟರು; ನರೇಶನ ಫೋನಿನಲ್ಲಿದ್ದ ಹಳೇ ಫೋಟೋ ನೋಡಿಕೊಂಡು ಮೂರೂ ವೃತ್ತಗಳನ್ನು ಇದ್ದ ಹಾಗೆಯೇ ಮತ್ತೆ ಬರೆಸಲು ಪೇಂಟರ್ ಭೀಮಪ್ಪನನ್ನು ಕರೆದುಕೊಂಡು ಶನಿವಾರ ಬೆಳಿಗ್ಗೆ ಬಂದರು.

ಶನಿವಾರವೇ ಹೇಮಲತಾ, ಚಿನ್ಮಯ್ ಧಾರೆ ಸೀರೆ ತೋರಿಸಲು ಬಂದಿದ್ದರು. ಗಲಾಟೆ ಕೇಳಿ ಅವರೂ, ಭಾನುಮತಿ, ಶರಣ್ಯರೂ ಹಿಂದಿನ ರಸ್ತೆಗೆ ಬಂದರು. ಬಡಾವಣೆಯ ಜನವೆಲ್ಲ ಬಂದು, ಪಟ್ಟಾಭಿರಾಮರನ್ನು ಮುಂದೆ ತಳ್ಳಿ ಹಿಂದೆ ನಿಂತಿತು. ಅವರು ತಡೆಯುತ್ತಾರೆ ಎಂದು ಎಲ್ಲರೂ ಕಾದರು. ಅವರು ಸುಮ್ಮನೆ ನಿಂತು ಭೀಮಪ್ಪ ಬರೆಯುವುದನ್ನು ನೋಡುತ್ತಿದ್ದರು. ಚಿಕ್ಕ ವೃತ್ತ ಬಂತು, ಮಧ್ಯದ್ದು ಬಂತು. ದೊಡ್ಡ ವೃತ್ತದಲ್ಲಿ ಒಂದು, ಎರಡು, ಮೂರು ಸರಿಯಾಗಿ ಬಂದವು. ಫೋಟೋದಲ್ಲಿ ನಾಲ್ಕರ ಮೇಲೆ ನರೇಶನ ಚಪ್ಪಲಿಯ ನೆರಳು ಬಿದ್ದಿತ್ತು. ಭೀಮಪ್ಪ ಒಂದು ಕ್ಷಣ ಯೋಚಿಸಿ ನಾಲ್ಕನ್ನು ವೃತ್ತದಿಂದ ಒಂಬತ್ತು ಇಂಚು ಹೊರಗೆ ಹಾಕಿದ.

ಪಟ್ಟಾಭಿರಾಮರು ತಡೆದುಕೊಂಡರು. ತಮ್ಮ ಮಾನ, ಮಗಳ ಮಾನ, ನೋಟೀಸು, ಬೀಗಿತ್ತಿ, ಎಲ್ಲವನ್ನೂ ನೆನೆದು ಹಲ್ಲು ಕಚ್ಚಿ ತಡೆದುಕೊಂಡರು. ಭೀಮಪ್ಪ ತಪ್ಪು ನಾಲ್ಕಕ್ಕೆ ಎರಡನೇ ಪದರ ಬಣ್ಣ ಹಚ್ಚಲು ಬ್ರಷ್ಷು ಅದ್ದಿದಾಗ ಆಗಲಿಲ್ಲ.

"ನಾಲ್ಕು ಅಲ್ಲಿ ಬರಲ್ಲ ಕಣ್ರೀ. ಒಳಗೆ ಬರಬೇಕು, ಒಂಬತ್ತು ಇಂಚು ಒಳಗೆ."

ಎಲ್ಲರೂ ತಿರುಗಿ ನೋಡಿದರು. ನಿಮಗೆ ಹೇಗೆ ಗೊತ್ತು ಎಂದು ಮಲ್ಲಿಕ್ ಕೇಳಿದರು. ಜನದ ನಡುವಿನಿಂದ ಸೊಣ್ಣಪ್ಪನವರು ನಿಧಾನವಾಗಿ ಮುಂದೆ ಬಂದರು.

"ನಕ್ಷೆ ನಿಮ್ ತಾವೈತಾ ಸಾಮಿ?" ಎಂದರು. "ಮೊದಲಿಂದ್ಲೂ ನಿಮ್ ತಾವೇ ಇತ್ತಾ? ನಮ್ ಜಾಗ ತೋರ್ಸಿದ್ದು ನೀವೇನಾ?"

ಅವರ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಪಟ್ಟಾಭಿರಾಮರಿಗೆ ಉತ್ತರ ಕೊಡುವುದು ಗೊತ್ತಿತ್ತು. ಒಂದು ಕಡೆ ಸೊಣ್ಣಪ್ಪನವರು, ಇನ್ನೊಂದು ಕಡೆ ಸೀರೆಯ ಪೆಟ್ಟಿಗೆ ಹಿಡಿದ ಹೇಮಲತಾ. ಪಟ್ಟಾಭಿರಾಮರು ಎರಡೂ ಕಡೆ ನೋಡಿದರು. ನಂತರ ನೆಲ ನೋಡಿಕೊಂಡು, ಈ ಗುರುತುಗಳು ತಮ್ಮವು, ಇವು ಬ್ರೇಕ್ ಡ್ಯಾನ್ಸಿನ ಹೆಜ್ಜೆಗಳು, ತಮಗೆ ಬ್ರೇಕ್ ಡ್ಯಾನ್ಸ್ ಬರುವುದಿಲ್ಲ, ಎಂದೂ ಬರುತ್ತಿರಲಿಲ್ಲ, ಈಗ ಕಲಿಯುತ್ತಿದ್ದೇನೆ ಎಂದು ಒಂದೇ ಉಸಿರಿನಲ್ಲಿ ಹೇಳಿದರು.

ನಿಜ ಹೇಳಿದರೆ ಎಲ್ಲ ಮುಗಿಯುತ್ತದೆ ಎಂದು ಅವರು ತಿಳಿದಿದ್ದರು. ಒಬ್ಬರೂ ನಂಬಲಿಲ್ಲ. ಐವತ್ತೇಳು ವರ್ಷದ ಮನುಷ್ಯ, ಮಂಡಿನೋವಿಗೆ ಎಣ್ಣೆ ಹಚ್ಚಿಸಿಕೊಳ್ಳುವವರು, ಬ್ರೇಕ್ ಡ್ಯಾನ್ಸಂತೆ. ಅಧಿಕಾರಿ ಜೊತೆ ಸೇರಿ ಕಥೆ ಕಟ್ಟಿದ್ದಾರೆ ಎಂದು ನರೇಶ್ ಹೇಳಿದ. ಶಾಲು ವಾಪಸ್ಸು ಕೇಳಬೇಕು ಎಂದು ಯಾರೋ ಹಿಂದಿನಿಂದ ಅಂದರು. ಸುಳ್ಳು ಹೇಳಿದಾಗ ನಂಬಿ ಕಾರ್ಡಿನಲ್ಲಿ ಅಚ್ಚು ಹಾಕಿಸುವ ಜನ, ನಿಜ ಹೇಳಿದಾಗ ಸಾಕ್ಷಿ ಕೇಳುತ್ತಾರಲ್ಲ ಎಂದು ಪಟ್ಟಾಭಿರಾಮರಿಗೆ ಅಳುವಷ್ಟು ಸಿಟ್ಟು ಬಂತು. ವೇಣಿಗೆ ಫೋನು ಮಾಡಿದರು.

ವೇಣಿ ಸ್ಕೂಟರಿನಲ್ಲಿ ಬಂದು ವೃತ್ತಗಳನ್ನು ನೋಡಿದಳು. ಇವು ಸಿಕ್ಸ್ ಸ್ಟೆಪ್ಪಿನವೇ, ಸಾರ್ ತನ್ನ ವಿದ್ಯಾರ್ಥಿ ಎಂದು ಹೇಳಿದಳು. ಮಲ್ಲಿಕ್ ಕಾಗದ ತೆಗೆದರು. ಹಾಗಾದರೆ ಇವರಿಗೆ ಈ ನೃತ್ಯ ಬರುತ್ತದೆ ಎಂದು ಶಿಕ್ಷಕಿಯಾಗಿ ಬರೆದು ಸಹಿ ಮಾಡಿಕೊಡಿ, ಕಡತ ಮುಚ್ಚುತ್ತೇನೆ ಎಂದರು. ವೇಣಿ ಪೆನ್ನು ಹಿಡಿದು ಪಟ್ಟಾಭಿರಾಮರ ಕಡೆ ನೋಡಿದಳು.

"ಬರೆದುಕೊಡಮ್ಮ" ಎಂದರು ಪಟ್ಟಾಭಿರಾಮರು.

"ಹೇಗ್ ಬರೀಲಿ ಸಾರ್? ನಾಲ್ಕರಲ್ಲಿ ಕೂತ್ಬಿಡ್ತೀರ. ಒಂದ್ ರೌಂಡ್ ಪೂರ್ತಿ ಮಾಡಿ ತೋರಿಸಿ, ಈಗ್ಲೇ ಬರೀತೀನಿ."

ಪಟ್ಟಾಭಿರಾಮರು ಅವಳನ್ನು ದುರುಗುಟ್ಟಿಕೊಂಡು ನೋಡಿದರು. ಸುಮಾರಾಗಿ ಸರಿಯಿದೆ ಬಿಡಿ ಸಾರ್, ಪಾಸ್ ಮಾಡಿ ಎಂದು ಎಷ್ಟೋ ಜನ ಅವರ ಮೇಜಿನ ಮುಂದೆ ನಿಂತು ಬೇಡಿದ್ದರು. ಒಬ್ಬರಿಗೂ ಅವರು ಸಹಿ ಹಾಕಿಕೊಟ್ಟಿರಲಿಲ್ಲ. ಪಂಚೆಯನ್ನು ಕಚ್ಚೆ ಹಾಕಿ ಬಿಗಿದರು, ಚಪ್ಪಲಿ ಬಿಟ್ಟರು, ಹೊಸ ಬಣ್ಣ ಇನ್ನೂ ಪೂರ್ತಿ ಒಣಗಿರದ ದೊಡ್ಡ ವೃತ್ತದ ನಡುವೆ ಕೈಯೂರಿ ಕೂತರು.

ಒಂದು, ಎರಡು, ಮೂರು ಆಯಿತು. ಹೊಟ್ಟೆ ಆಕಾಶದ ಕಡೆ ತಿರುಗಿತು. ಕಾಲು ಭೀಮಪ್ಪನ ನಾಲ್ಕನ್ನು ಹುಡುಕಿಕೊಂಡು ಹೊರಗೆ ಚಾಚಿತು, ಮತ್ತೂ ಚಾಚಿತು, ಅವರು ದೊಪ್ಪನೆ ಕೂತರು. ಪಂಚೆಯ ಹಿಂಭಾಗಕ್ಕೆ ಹಳದಿ ಬಣ್ಣ ಮೆತ್ತಿತು. ಹೇಮಲತಾ ನಗು ತಡೆಯಲು ಸೀರೆಯ ಪೆಟ್ಟಿಗೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಮಲ್ಲಿಕ್ ಪೆನ್ನಿನ ಮುಚ್ಚಳ ಹಾಕಿದರು. ಇದು ನೃತ್ಯವೆಂದು ಹೇಳಲು ಬರುವುದಿಲ್ಲ, ಒಬ್ಬರು ಬಿದ್ದರು ಎಂದಷ್ಟೇ ಬರೆಯಬಹುದು ಎಂದರು. ಸೊಣ್ಣಪ್ಪನವರು ಕೊಟ್ಟಿಗೆಯ ಕಡೆ ತಿರುಗಿ ನಿಂತರು.

ಪಟ್ಟಾಭಿರಾಮರು ಎದ್ದರು. ಜೀವನದಲ್ಲಿ ಅವರಿಗೆ ಅಷ್ಟು ರೋಷ ಬಂದದ್ದಿಲ್ಲ. ತಪ್ಪು ನಕ್ಷೆ, ತಪ್ಪು ಗುರುತು, ಅದರ ಮೇಲೆ ನಿಂತು ಪರೀಕ್ಷೆ. "ಈ ಗುರುತೇ ರಿಜೆಕ್ಟು" ಎಂದು ಭೀಮಪ್ಪನಿಗೆ ಹೇಳಿ, ಮೂರೂ ವೃತ್ತಗಳನ್ನು ದಾಟಿ, ಏನೂ ಬರೆದಿರದ ಬರಿಯ ಕಾಂಕ್ರೀಟಿನ ಮೇಲೆ, ಸೊಣ್ಣಪ್ಪನವರ ಕೊಟ್ಟಿಗೆಯ ಬಾಗಿಲಿಗೆ ಎದುರಾಗಿ ಕೂತು ಕೈಯೂರಿದರು. ನೋಡಲು ಅಂಕಿಯಿರಲಿಲ್ಲ, ಅಳತೆಯಿರಲಿಲ್ಲ. ಒಂದು ಎಂದರು. ಎರಡು ಎಂದಾಗ ವೇಣಿಯೂ ಜೊತೆಗೆ ಎಣಿಸಿದಳು. ಮೂರಕ್ಕೆ ಸೊಣ್ಣಪ್ಪನವರು ತಿರುಗಿ ನೋಡಿದರು. ನಾಲ್ಕಕ್ಕೆ ಹೊಟ್ಟೆ ಮೇಲಾಯಿತು, ತೋಳು ನಡುಗಿತು, ಪೃಷ್ಠ ನೆಲಕ್ಕೆ ನಾಲ್ಕು ಬೆರಳು ಇರುವವರೆಗೂ ಇಳಿದು ಅಲ್ಲೇ ನಿಂತಿತು. "ಅಯ್ದು" ಎಂದು ಸೊಣ್ಣಪ್ಪನವರು ಕೂಗಿದರು. ಕಾಲು ಬಂತು. "ಆರು" ಎಂದು ಇಡೀ ಬಡಾವಣೆ ಕೂಗಿತು. ಪಟ್ಟಾಭಿರಾಮರು ಹೊರಟಲ್ಲಿಗೇ ಬಂದು ಕುಕ್ಕರುಗಾಲಿನಲ್ಲಿ ಕೂತಿದ್ದರು. ಪುನಃ ಏಳಲು ಚಿನ್ಮಯ್ ಕೈಕೊಟ್ಟ.

"ಅಂದ್ರೆ ಇವರಿಗೆ ಬ್ರೇಕ್ ಡ್ಯಾನ್ಸ್ ಬರ್ತಾನೇ ಇರಲಿಲ್ಲ" ಎಂದರು ಹೇಮಲತಾ.

"ಈಗ ಬರತ್ತಲ್ಲ ಅತ್ತೆ" ಎಂದಳು ಶರಣ್ಯ.

ವೇಣಿ ಬರೆದು ಸಹಿ ಮಾಡಿದಳು. ಮಲ್ಲಿಕ್ ಸ್ಥಳದಲ್ಲೇ ವರದಿ ಬರೆದು ಗಟ್ಟಿಯಾಗಿ ಓದಿದರು: 'ಸದರಿ ಗುರುತುಗಳು ಯಾವುದೇ ಕಾಮಗಾರಿಗೆ ಸಂಬಂಧಿಸಿರುವುದಿಲ್ಲ. ಸದರಿ ಸ್ಥಳವು ಶ್ರೀ ಪಟ್ಟಾಭಿರಾಮ ಎಂಬ ಆರಂಭಿಕ ಹಂತದ ನೃತ್ಯಾಭ್ಯಾಸಿಯು ಪ್ರತಿದಿನ ಅಭ್ಯಾಸ ಮಾಡುವ ಸ್ಥಳವಾಗಿರುತ್ತದೆ.' ಆರಂಭಿಕ ಎಂಬ ಮಾತನ್ನು ತೆಗೆಯಿರಿ ಎಂದು ಪಟ್ಟಾಭಿರಾಮರು ಜಗಳ ತೆಗೆದರು. ತೆಗೆಯಲು ಬರುವುದಿಲ್ಲ ಎಂದರು ಮಲ್ಲಿಕ್. ಪಟ್ಟಾಭಿರಾಮರು ಗೊಣಗುತ್ತಲೇ ಸಹಿ ಹಾಕಿದರು. ವರದಿಯ ಒಂದು ಪ್ರತಿಯನ್ನು ಸೊಣ್ಣಪ್ಪನವರು ಎರಡೂ ಕೈಯಲ್ಲಿ ತೆಗೆದುಕೊಂಡರು.

ಆರತಕ್ಷತೆ ನಡೆಯಿತು. ವೀಣೆ ಮುಕ್ಕಾಲು ಗಂಟೆ, ಸಿಕ್ಸ್ ಸ್ಟೆಪ್ ಹನ್ನೊಂದು ಸೆಕೆಂಡು. ಹಿರಿಯ ಕಲಾವಿದ ಎಂಬುದನ್ನು ಹೇಮಲತಾ ಕಾರ್ಡಿನಲ್ಲಿ ಪೆನ್ನಿನಿಂದ ಹೊಡೆದುಹಾಕಿದ್ದರು. ಪಟ್ಟಾಭಿರಾಮರು ಅದನ್ನು ಇನ್ನೂ ಕ್ಷಮಿಸಿಲ್ಲ. ಹೇಮಲತಾರ ತಂಗಿ ಊಟದ ಎಲೆಯ ಮುಂದೆ ಕೂತು, ವೀಣೆಗಿಂತ ಜಾಸ್ತಿ ಚಪ್ಪಾಳೆ ಅದಕ್ಕೆ ಯಾಕೆ ಬಿತ್ತು ಎಂದು ಕೇಳಿದರಂತೆ. ಶರಣ್ಯ ನಗುತ್ತ ಗಂಡನ ಮನೆಗೆ ಹೋದಳು. ಮನೆಗೆ ಬಂದ ಪಟ್ಟಾಭಿರಾಮರು, ಇನ್ನು ಜನ್ಮದಲ್ಲಿ ನೆಲಕ್ಕೆ ಕೈಯೂರುವುದಿಲ್ಲ ಎಂದು ಭಾನುಮತಿಗೆ ಹೇಳಿ, ಬೆಳಿಗ್ಗೆ ಎಂಟರವರೆಗೆ ಮಲಗುವ ರೂಢಿ ಮಾಡಿಕೊಂಡರು.

ನಾಲ್ಕನೇ ದಿನ ಆರು ಗಂಟೆಗೆ ಗೇಟು ಬಡಿದ ಸದ್ದಾಯಿತು. ಹೊರಗೆ ಸೊಣ್ಣಪ್ಪನವರು. ಕೈಯಲ್ಲಿ ಮಲ್ಲಿಕರ ವರದಿ. ಪ್ಲಾಸ್ಟಿಕ್ ಹಾಕಿಸಿ, ನೇತುಹಾಕಲು ಮೂಲೆಯಲ್ಲಿ ತೂತು ಮಾಡಿಸಿದ್ದರು.

"ಸಾಮಿ, ಇದ್ರಾಗೆ ಪ್ರತಿದಿನ ಅಂತ ಬರ್ದವ್ರೆ. ಮಗ ಓದಿ ಯೋಳ್ದ. ನೀವು ನಾಕ್ ದಿನದಿಂದ ಬಂದಿಲ್ಲ."

ಮದುವೆ ಮುಗಿಯಿತು, ಇನ್ನು ತಮಗೆ ಅದರ ಅವಶ್ಯಕತೆಯಿಲ್ಲ ಎಂದು ಪಟ್ಟಾಭಿರಾಮರು ಹೇಳಿದರು.

"ನಿಮ್ಗೆ ಮುಗೀತು. ನಮ್ ಜಾಗ ಇನ್ನೂ ಅಲ್ಲೇ ಐತಲ್ಲ. ಇಂಗೇ ಬಿಟ್ರೆ, ನಾಳೆ ಯಾರಾನಾ ಅಳತೆಪಟ್ಟಿ ಇಡ್ಕಂಡ್ ಬಂದು, ಇಲ್ಲಿ ಯಾರೂ ಕುಣಿಯಾಕಿಲ್ಲ, ಖಾಲಿ ಬಿದ್ದೈತೆ ಅಂದ್ರೆ ನಾನೇನ್ ಯೋಳ್ಲಿ?"

ಆ ಕಾಗದಕ್ಕೆ ಅಂಥ ಬಲವೇನೂ ಇಲ್ಲ, ಯಾವ ಕಾನೂನಿನಲ್ಲೂ ಡ್ಯಾನ್ಸು ಮಾಡಿ ಜಾಗ ಉಳಿಸಿಕೊಳ್ಳಲು ಬರುವುದಿಲ್ಲ, ಹೋಗಿ ಮಲಗಿ ಎಂದು ಹೇಳಲು ಪಟ್ಟಾಭಿರಾಮರ ಬಳಿ ಬೇಕಾದಷ್ಟು ಮಾತಿತ್ತು. ಸೊಣ್ಣಪ್ಪನವರು ಗೇಟನ್ನು ಹಿಡಿದುಕೊಂಡು, ವರದಿಯನ್ನು ಎದೆಗೆ ಆನಿಸಿಕೊಂಡು ನಿಂತಿದ್ದರು. ಪಟ್ಟಾಭಿರಾಮರು ತಿರುಗಿ ಒಳಗೆ ಹೋದರು. ಈ ಮನೆಯಲ್ಲಿ ಒಂದು ಮಂಡಿಪಟ್ಟಿ ಇಟ್ಟ ಜಾಗದಲ್ಲಿ ಇರುವುದಿಲ್ಲ ಎಂದು ಭಾನುಮತಿಯ ಮೇಲೆ ಕೂಗಾಡಿದರು. ಅದನ್ನು ಹುಡುಕಿ ಕಟ್ಟಿಕೊಂಡು, ಊರನ್ನೆಲ್ಲ ಬೈಯುತ್ತ, ಸೊಣ್ಣಪ್ಪನವರ ಹಿಂದೆ ಕೊಟ್ಟಿಗೆಯ ಕಡೆ ನಡೆದರು.